ಒಂದೇ ಮಾತ್ರೆ, ನನಗೆ ವಾಸಿ, ಅಮ್ಮನಿಗೆ ಯಾಕಿಲ್ಲ?

ಪ್ರಶ್ನೆ: ನನಗೂ ಅಮ್ಮನಿಗೂ ಕಾಲಿನ ಗಾಯ ಕೀವಾಗಿತ್ತು. ಇಬ್ಬರಿಗೂ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದರು. ನನ್ನದು ವಾರದಲ್ಲಿ ಒಣಗಿತು. ಅಮ್ಮನಿಗೆ 62 ವರ್ಷ, ಶುಗರ್ ಇದೆ. ಹತ್ತು ದಿನವಾದರೂ ಕೆಂಪು ಇಳಿದಿಲ್ಲ. ಮೆಡಿಕಲ್ ಸ್ಟೋರಿನವರು ಇನ್ನೂ ಪವರ್ ಇರುವ ಮಾತ್ರೆ ಇದೆ ಅನ್ನುತ್ತಾರೆ. ಕೊಡಲೇ?
— ಓದುಗರು, ರಾಜಾಜಿನಗರ

ಉತ್ತರ: ಬೇಡ. ಮೊದಲು ಅಮ್ಮನ ಶುಗರ್ ಎಷ್ಟಿದೆ ನೋಡಿಸಿ.

ಆಂಟಿಬಯಾಟಿಕ್ ಒಂದೇ ಎಲ್ಲವನ್ನೂ ಕೊಂದು ಮುಗಿಸುತ್ತದೆ ಅಂದುಕೊಂಡಿರುತ್ತೇವೆ. ಡಾಕ್ಸಿಸೈಕ್ಲಿನ್ ಬಹುಮಟ್ಟಿಗೆ ಕೊಲ್ಲುವುದೇ ಇಲ್ಲ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸಿಕೊಳ್ಳದಂತೆ ಅಡ್ಡಗಾಲು ಹಾಕುತ್ತದೆ, ಅವು ಹೆಚ್ಚುವುದು ನಿಲ್ಲುತ್ತದೆ, ಅಷ್ಟೇ. ಕೊಲ್ಲುವ ಕೆಲಸ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳದ್ದು. ರಕ್ತನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಗಾಯಕ್ಕೆ ಬಂದು, ಬ್ಯಾಕ್ಟೀರಿಯಾವನ್ನು ಇಡಿಯಾಗಿ ನುಂಗಿ, ಒಳಗೇ ಹೈಪೋಕ್ಲೋರಸ್ ಆಮ್ಲ ತಯಾರಿಸಿ ಸುಡುತ್ತವೆ. ಮನೆಯ ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕುತ್ತೀರಲ್ಲ, ಅಲ್ಲಿ ನೀರನ್ನು ಶುದ್ಧಮಾಡುವುದೂ ಇದೇ ಆಮ್ಲ! ಬ್ಯಾಂಡೇಜ್ ಬಿಚ್ಚಿದಾಗ ಕೀವಿನಲ್ಲಿ ತುಸು ಹಸಿರು ಕಂಡರೆ, ಅದು ಎಷ್ಟೋ ಸಲ ಈ ಆಮ್ಲ ತಯಾರಿಸುವ ಕಿಣ್ವದ ಬಣ್ಣ. ಕೀವು ಅಂದರೆ ಹೆಚ್ಚಾಗಿ ಕಾದಾಡಿ ಸತ್ತ ನ್ಯೂಟ್ರೋಫಿಲ್‌ಗಳೇ.

ಪೆನ್ಸಿಲಿನ್ ಜಾತಿಯ ಔಷಧಗಳ ದಾರಿ ಬೇರೆ. ಅವು ಬ್ಯಾಕ್ಟೀರಿಯಾದ ಗೋಡೆ ಕೆಡಿಸುತ್ತವೆ. ಹಲವು ಅಲ್ಲೇ ಒಡೆದು ಸಾಯುತ್ತವೆ, ಗೋಡೆ ಬಿರುಕುಬಿಟ್ಟು ಉಳಿದವು ಬಿಳಿ ಕಣಗಳಿಗೆ ಸುಲಭದ ತುತ್ತು. ಅಜಿಥ್ರೋಮೈಸಿನ್ ಇನ್ನೂ ಜಾಣ: ಬಿಳಿ ಕಣದೊಳಗೇ ತುಂಬಿಕೊಂಡು, ಅದರ ಜೊತೆಗೆ ಸೋಂಕಿನ ಜಾಗಕ್ಕೆ ಸವಾರಿ ಮಾಡುತ್ತದೆ.

ನಿಮ್ಮ ತಾಯಿಯವರ ತೊಂದರೆ ಇಲ್ಲೇ ಇರಬಹುದು. ಶುಗರ್ ಏರಿದ್ದರೆ ನ್ಯೂಟ್ರೋಫಿಲ್‌ಗಳು ಗಾಯದ ಕಡೆ ಹೆಜ್ಜೆ ಹಾಕುವುದೂ ನಿಧಾನ, ನುಂಗಿ ಸುಡುವುದೂ ಮಂದ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಕಣವೂ ತಲುಪುವುದಿಲ್ಲ, ಮಾತ್ರೆಯೂ ತಲುಪುವುದಿಲ್ಲ. ಒಳಗೆ ಕೀವು ಕಟ್ಟಿದ್ದರೆ ಯಾವ ಪವರ್ ಮಾತ್ರೆಯೂ ಸಾಲದು, ಕೊಯ್ದು ತೆಗೆಯಬೇಕು. ಆ ಬ್ಯಾಕ್ಟೀರಿಯಾ ಈ ಔಷಧಕ್ಕೆ ಬಗ್ಗದ್ದೂ ಆಗಿರಬಹುದು, ಅದು ಕೀವಿನ ಕಲ್ಚರ್ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗುತ್ತಿದ್ದಾರಾ ಕೇಳಿ. ನುಂಗಿದರೆ ಡಾಕ್ಸಿಸೈಕ್ಲಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಇಂದೇ ಡಾಕ್ಟರಿಗೆ ತೋರಿಸಿ. ಜ್ವರ, ದುರ್ವಾಸನೆ ಇದ್ದರೆ, ಚರ್ಮ ಕಪ್ಪಾಗುತ್ತಿದ್ದರೆ ನೇರ ಆಸ್ಪತ್ರೆಗೇ ಹೋಗಿ. ಹಳೆಯ ಸ್ಟ್ರಿಪ್ ಕೂಡ ಜೊತೆಗಿರಲಿ. ಎಷ್ಟು ಹೊತ್ತಿನ ಮಾತ್ರೆ ತಪ್ಪಿಸಿದ್ದಾರೆ ಅಂತ ನಮ್ಮ ಅಮ್ಮಂದಿರು ಬಾಯಿಬಿಡುವುದಿಲ್ಲ, ಸ್ಟ್ರಿಪ್ ಹೇಳಿಬಿಡುತ್ತದೆ.