ಅಮೆರಿಕದಲ್ಲಿ ಡೀಸೆಲ್ ಕಾರುಗಳು ಯಾಕೆ ಕಾಣಸಿಗುವುದಿಲ್ಲ?

ಅಮೆರಿಕಕ್ಕೆ ಹೊರಟಿದ್ದೀರಿ. ಅಲ್ಲಿನ ಜನ ಅಷ್ಟೊಂದು ದೂರ ಕಾರು ಓಡಿಸುತ್ತಾರೆ, ಆದರೂ ಡೀಸೆಲ್ ಕಾರು ಯಾಕೆ ಕೊಳ್ಳುವುದಿಲ್ಲ, ಡೀಸೆಲ್ಲೇ ಸಿಗುವುದಿಲ್ಲವೇ ಎಂದು ಕೇಳಿದ್ದೀರಿ.

ಡೀಸೆಲ್ ಧಾರಾಳವಾಗಿ ಸಿಗುತ್ತದೆ. ಲಾರಿ, ರೈಲು, ಟ್ರ್ಯಾಕ್ಟರ್, ಹಲವು ದೊಡ್ಡ ಪಿಕಪ್‌ಗಳು ಅದರಲ್ಲೇ ಓಡುತ್ತವೆ. ಕಾರಿನಲ್ಲಿ ಮಾತ್ರ ಅಸಲು ಗಿಟ್ಟುವುದಿಲ್ಲ. ಕೇಳಿದವರೆಲ್ಲ 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್‌ನ ಹೊಗೆ ಪರೀಕ್ಷೆಯ ಮೋಸದ ಹಗರಣದತ್ತ ಬೆರಳು ತೋರಿಸುತ್ತಾರೆ, ಆದರೆ ಕಾಯಿಲೆ ಅದಕ್ಕಿಂತ ಹಳೆಯದು.

ಮೂಲ ಇರುವುದು ಹೊಗೆಯ ನಿಯಮದಲ್ಲಿ. ಯುರೋಪು ಡೀಸೆಲ್‌ಗೊಂದು, ಪೆಟ್ರೋಲ್‌ಗೊಂದು ಮಿತಿ ಇಟ್ಟು ಡೀಸೆಲ್‌ಗೆ ಸಡಿಲ ಬಿಟ್ಟಿತು. ಅಮೆರಿಕ ಹಾಗೆ ಮಾಡಲಿಲ್ಲ. 2004ರಿಂದ ಹಂತಹಂತವಾಗಿ ಬಂದ 'ಟಿಯರ್ 2' ನಿಯಮದಲ್ಲಿ ಇಂಧನ ಯಾವುದಾದರೂ ಮಿತಿ ಒಂದೇ ಆಗಿತ್ತು. ಅದರಲ್ಲಿ ಒಂದು ಕಂಪನಿ ಮಾರುವ ಕಾರುಗಳ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಎಂಬ ಹಾನಿಕರ ಅನಿಲ ಸರಾಸರಿ ಮೈಲಿಗೆ 0.07 ಗ್ರಾಂ ದಾಟಬಾರದಿತ್ತು, ಅಂದರೆ ಕಿಲೋಮೀಟರಿಗೆ ಸುಮಾರು 0.043 ಗ್ರಾಂ. ಅದೇ ಹೊತ್ತಿಗೆ ಯುರೋಪಿನ ಡೀಸೆಲ್ ಕಾರಿಗೆ ಅಲ್ಲಿನ ಯುರೋ 4 ನಿಯಮದಲ್ಲಿ ಕಿಲೋಮೀಟರಿಗೆ 0.25, ಯುರೋ 5ರಲ್ಲಿ 0.18 ಗ್ರಾಂ ಬಿಡುವ ಅವಕಾಶವಿತ್ತು. ಪರೀಕ್ಷೆಯ ಕ್ರಮ ಎರಡೂ ಕಡೆ ಬೇರೆ, ನಿಜ. ಆದರೂ ನಾಲ್ಕು ಪಟ್ಟಿನ ಅಂತರ ಸಣ್ಣದಲ್ಲ.

ಈ ಮಿತಿ ಮುಟ್ಟಲು ಡೀಸೆಲ್ ಯಾಕೆ ಏದುಸಿರು ಬಿಡುತ್ತದೆ? ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನವನ್ನು ತೂಕದಲ್ಲಿ ಸುಮಾರು 14.7ಕ್ಕೆ 1ರಂತೆ ಬೆರೆಸಿ ಉರಿಸುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಉಳಿಯುವುದೇ ಇಲ್ಲವೆನ್ನಬಹುದು. ಹಾಗಾಗಿ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ, ನೈಟ್ರೋಜನ್ ಆಕ್ಸೈಡ್, ಈ ಮೂರನ್ನೂ ಹೊಗೆ ಶುದ್ಧಗೊಳಿಸುವ ಒಂದೇ ಕ್ಯಾಟಲಿಟಿಕ್ ಕನ್ವರ್ಟರ್ ಮುಗಿಸಿಬಿಡುತ್ತದೆ. ಡೀಸೆಲ್ ಉರಿಯುವಾಗ ಗಾಳಿ ಯಾವಾಗಲೂ ಹೆಚ್ಚು. ಆಮ್ಲಜನಕ ಮಿಕ್ಕಿರುವ ಹೊಗೆಯಲ್ಲಿ ಆ ಕನ್ವರ್ಟರ್ ನೈಟ್ರೋಜನ್ ಆಕ್ಸೈಡನ್ನು ಒಡೆಯಲಾರದು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ತಿರುಗಿಸಿ ಉರಿಯ ಬಿಸಿ ಇಳಿಸಿದರೆ ನೈಟ್ರೋಜನ್ ಆಕ್ಸೈಡ್ ತಗ್ಗುತ್ತದೆ, ಆದರೆ ಮಸಿ ಏರುತ್ತದೆ. ಮಸಿ ತಗ್ಗಿಸಲು ಹೊರಟರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ.

ಎರಡನ್ನೂ ಹಿಡಿಯಬೇಕಾದರೆ ಸೈಲೆನ್ಸರ್ ಪೈಪಿನುದ್ದಕ್ಕೂ ಒಂದು ಚಿಕ್ಕ ಕಾರ್ಖಾನೆಯೇ ಬೇಕು. ಮೊದಲು ಆಕ್ಸಿಡೇಷನ್ ಕ್ಯಾಟಲಿಸ್ಟ್, ಆಮೇಲೆ ಮಸಿ ಹಿಡಿಯುವ ಡಿಪಿಎಫ್, ಆಮೇಲೆ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನು ಒಡೆಯುವ ಎಸ್‌ಸಿಆರ್. ಆ ದ್ರಾವಣದಲ್ಲಿ ಯೂರಿಯಾ 32.5 ಶೇಕಡಾ, ಮಿಕ್ಕಿದ್ದು ನೀರು. ಮೈನಸ್ 11 ಡಿಗ್ರಿಗೆ ಅದು ಹೆಪ್ಪುಗಟ್ಟುವುದರಿಂದ ಟ್ಯಾಂಕಿಗೊಂದು ಹೀಟರ್. ಇವೆಲ್ಲದರ ಮೇಲೆ ಕಣ್ಣಿಡಲು ಸೆನ್ಸರ್‌ಗಳು. ಅಂಗಡಿ-ಶಾಲೆ ಎಂದು ನಾಲ್ಕೈದು ಕಿಲೋಮೀಟರಿನ ಓಡಾಟವೇ ಆದರೆ ಡಿಪಿಎಫ್ ತನ್ನ ಮಸಿ ಸುಟ್ಟುಕೊಳ್ಳಲು ಬೇಕಾದ 600 ಡಿಗ್ರಿ ಹತ್ತಿರದ ಬಿಸಿ ಮುಟ್ಟುವುದಿಲ್ಲ. ಬಿಸಿ ಏರಿಸಲೆಂದು ಎಂಜಿನ್ ಹೆಚ್ಚಾಗಿ ಚಿಮ್ಮುವ ಡೀಸೆಲ್ ಸಿಲಿಂಡರಿನ ಗೋಡೆಯಲ್ಲಿ ಇಳಿದು ಆಯಿಲ್ ಸೇರುತ್ತದೆ, ಆಯಿಲ್ ತೆಳುವಾಗುತ್ತದೆ. ನಮ್ಮಲ್ಲೂ 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರಿನಿಂದ ಕೈತೊಳೆದುಕೊಂಡದ್ದು ಈ ಖರ್ಚಿಗೇ. ದೊಡ್ಡ ದುಬಾರಿ ಗಾಡಿಯ ಬೆಲೆಯಲ್ಲಿ ಅದು ಅಡಗುತ್ತದೆ, ಸಣ್ಣ ಕಾರಿನಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ಅಡ್ಡಿ ಇಂಧನದಲ್ಲೇ ಇತ್ತು. 2006ರವರೆಗೆ ಅಮೆರಿಕದ ರಸ್ತೆ ಡೀಸೆಲ್‌ನಲ್ಲಿ ಗಂಧಕ 500 ಪಿಪಿಎಂವರೆಗೂ, ಅಂದರೆ ಹತ್ತು ಲಕ್ಷದಲ್ಲಿ 500 ಪಾಲಿನವರೆಗೂ ಇರಬಹುದಿತ್ತು. ಗಂಧಕ ಕ್ಯಾಟಲಿಸ್ಟ್‌ಗಳಿಗೆ ವಿಷ. 15 ಪಿಪಿಎಂನ ಡೀಸೆಲ್ ಬಂದ ಮೇಲೆಯೇ ಮೇಲಿನ ಸಾಮಾನು ಹಾಕಲು ಸಾಧ್ಯವಾದದ್ದು.

ಈಗ ಬಂಕಿನ ಲೆಕ್ಕ. ಅಮೆರಿಕದ ಕೇಂದ್ರ ಸರ್ಕಾರ ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲ್‌ಗೆ 18.4 ಸೆಂಟ್, ಡೀಸೆಲ್‌ಗೆ 24.4 ಸೆಂಟ್ ತೆರಿಗೆ ಹಾಕುತ್ತದೆ. 1993ರಿಂದ ದರ ಹೀಗೇ ಇದೆ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಇದು ತಿರುಗುಮುರುಗು. ನಮ್ಮಲ್ಲೂ 2014ರಲ್ಲಿ ಬೆಲೆ ನಿಯಂತ್ರಣ ತೆಗೆಯುವವರೆಗೆ ಡೀಸೆಲ್ ತೀರಾ ಅಗ್ಗವಾಗಿತ್ತು, ಆ ಕಾಲದ ಡೀಸೆಲ್ ಮೋಹಕ್ಕೆ ಅದೇ ಕಾರಣ. ಸಾಲದ್ದಕ್ಕೆ ಅಮೆರಿಕದ ರಿಫೈನರಿಗಳನ್ನು ಕಟ್ಟಿರುವುದೇ ಕಚ್ಚಾತೈಲದಿಂದ ಹೆಚ್ಚು ಪೆಟ್ರೋಲ್ ಹಿಂಡಲು.

ಊಹೆಯ ಅಂಕಿಗಳನ್ನೇ ಇಟ್ಟು ನೋಡಿ. ವರ್ಷಕ್ಕೆ 12,000 ಮೈಲಿ ಓಡಾಟ. ಪೆಟ್ರೋಲ್ ಕಾರು ಗ್ಯಾಲನ್ನಿಗೆ 30 ಮೈಲಿ, ಡೀಸೆಲ್ ಕಾರು 38 ಮೈಲಿ. ಪೆಟ್ರೋಲ್ 3 ಡಾಲರ್, ಡೀಸೆಲ್ 3.60. ಪೆಟ್ರೋಲ್ ಕಾರಿಗೆ 1,200 ಡಾಲರ್, ಡೀಸೆಲ್ ಕಾರಿಗೆ ಸುಮಾರು 1,137. ಉಳಿದದ್ದು 63 ಡಾಲರ್. ಕಾರಿಗೆ 2,000 ಡಾಲರ್ ಹೆಚ್ಚು ಕೊಟ್ಟಿದ್ದರೆ ಅದು ಹುಟ್ಟಲು ಮೂವತ್ತು ವರ್ಷದ ಮೇಲೆ ಬೇಕು. ಎರಡರ ಬೆಲೆಯೂ 3 ಡಾಲರ್ ಎಂದಿಟ್ಟುಕೊಂಡರೂ ಎಂಟು ವರ್ಷ. ನಗರದೊಳಗೆ ಮೈಲೇಜ್ ಬೇಕೆನ್ನುವವರನ್ನು ಅಷ್ಟರಲ್ಲಿ ಹೈಬ್ರಿಡ್ ಕಾರುಗಳು ಸೆಳೆದುಕೊಂಡಿದ್ದವು.

ಹಳೆಯ ಕಹಿಯೂ ಒಂದಿದೆ. 1978ರಲ್ಲಿ ಜನರಲ್ ಮೋಟರ್ಸ್ ತನ್ನ ಓಲ್ಡ್ಸ್‌ಮೊಬೈಲ್ ವಿಭಾಗದ 5.7 ಲೀಟರ್ ವಿ8 ಡೀಸೆಲ್ ತಂದಿತು. ಎಂಜಿನ್ ಬ್ಲಾಕನ್ನು ಗಟ್ಟಿ ಮಾಡಿದ್ದರು, ಆದರೆ ಅದರ ಮೇಲಿನ ಹೆಡ್ ಬಿಗಿಯುವ ಬೋಲ್ಟುಗಳ ವಿನ್ಯಾಸ ಪೆಟ್ರೋಲ್ ಎಂಜಿನ್‌ನದ್ದೇ. ಗಾಳಿಯನ್ನು 22.5ಕ್ಕೆ 1ರಂತೆ ಅದುಮುವ ಒತ್ತಡಕ್ಕೆ ಬೋಲ್ಟುಗಳು ಹಿಗ್ಗಿದವು, ಗ್ಯಾಸ್ಕೆಟ್ ಹೋಯಿತು, ಕೂಲೆಂಟ್ ಸಿಲಿಂಡರಿಗೆ ಇಳಿಯಿತು. ದ್ರವವನ್ನು ಅದುಮಲಾಗದು, ಹಾಗಾಗಿ ಎಂಜಿನ್ನೇ ಕೂತಿತು. ಡೀಸೆಲ್‌ನಲ್ಲಿ ಸೇರಿದ ನೀರು ಬೇರ್ಪಡಿಸುವ ಸಾಧನವನ್ನೂ ಕೊಟ್ಟಿರಲಿಲ್ಲ. 1985ಕ್ಕೆ ಅದು ನಿಂತಿತು, ಹೆಸರು ಕೆಟ್ಟದ್ದು ಉಳಿಯಿತು.

ಹಗರಣಕ್ಕೆ ಬರೋಣ. ಫೋಕ್ಸ್‌ವ್ಯಾಗನ್ ಅಗ್ಗದ ಡೀಸೆಲ್ ಕಾರಿನಲ್ಲಿ ಅಮೆರಿಕದ ಮಿತಿ ಮುಟ್ಟಿದಂತೆ ತೋರಿಸಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಸಾಫ್ಟ್‌ವೇರ್ ಗುರುತಿಸಿದಾಗ ಮಾತ್ರ ಶುದ್ಧೀಕರಣ ಪೂರ್ತಿ ಓಡುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೂ ಹೋಗುತ್ತಿತ್ತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ರಸ್ತೆಯಲ್ಲೇ ಅಳೆದಾಗ ವ್ಯತ್ಯಾಸ ಹೊರಬಿತ್ತು, 2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸು ಕೊಟ್ಟಿತು. ಅಗ್ಗದ ಡೀಸೆಲ್ ಕಾರು ಆ ಮಿತಿಯೊಳಗೆ ಕೂರುವುದು ಎಷ್ಟು ಕಷ್ಟವೆಂದು ಈ ಮೋಸವೇ ತೋರಿಸಿತೆಂದು ನನಗನಿಸುತ್ತದೆ. ಆಮೇಲೆ ಬಿಎಂಡಬ್ಲ್ಯು, ಮರ್ಸಿಡಿಸ್ ಕೂಡ ಅಲ್ಲಿ ಡೀಸೆಲ್ ಕಾರು ನಿಲ್ಲಿಸಿದವು.

ದೊಡ್ಡ ಪಿಕಪ್‌ಗಳಲ್ಲಿ ಫೋರ್ಡ್, ರ್‍ಯಾಮ್, ಷೆವರ್ಲೆ ಇನ್ನೂ ಡೀಸೆಲ್ ಕೊಡುತ್ತವೆ. ಹೊರೆ ಸೇರಿ ಒಟ್ಟು ತೂಕ 8,500 ಪೌಂಡು ದಾಟುವ ಇಂಥ ಗಾಡಿಗಳಿಗೆ ಹೊಗೆಯ ಮಿತಿ ಬೇರೆ. ಟ್ರೇಲರ್ ಎಳೆಯುವವನು ಎಳೆತಕ್ಕೆ ದುಡ್ಡು ಕೊಡುತ್ತಾನೆ, ಗ್ಯಾಲನ್ ಲೆಕ್ಕ ಹಾಕುತ್ತ ಕೂರುವುದಿಲ್ಲ.

ಅಲ್ಲಿ ಅಂಥದ್ದೊಂದನ್ನು ಬಾಡಿಗೆಗೆ ತೆಗೆದುಕೊಂಡರೆ ಒಂದು ಎಚ್ಚರಿಕೆ. ಬಂಕಿನಲ್ಲಿ ಹಾಕಿಕೊಡುವ ಹುಡುಗ ಸಾಮಾನ್ಯವಾಗಿ ಇರುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ಹಸಿರು ಹಿಡಿಕೆ ಬಹುಪಾಲು ಕಡೆ ಡೀಸೆಲ್, ಆದರೆ ಕೆಲವು ಕಂಪನಿಗಳ ಬಂಕಿನಲ್ಲಿ ಪೆಟ್ರೋಲಿಗೂ ಹಸಿರೇ. ಬಣ್ಣ ನಂಬದೆ ಮೇಲಿನ ಅಕ್ಷರ ಓದಿ. ಡೀಸೆಲ್ ನಳಿಕೆ ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಪೆಟ್ರೋಲ್ ನಳಿಕೆ ಮಾತ್ರ ಡೀಸೆಲ್ ಗಾಡಿಗೆ ಸಲೀಸಾಗಿ ಇಳಿಯುತ್ತದೆ. ಹಾಗೇನಾದರೂ ಆದರೆ ಕೀಲಿ ತಿರುಗಿಸಲೇಬೇಡಿ, ಟ್ಯಾಂಕ್ ಖಾಲಿ ಮಾಡಿಸಿ. ಹೈ ಪ್ರೆಷರ್ ಪಂಪಿಗೆ ಜಿಡ್ಡು ಕೊಡುವುದೇ ಡೀಸೆಲ್, ಪೆಟ್ರೋಲ್ ಹೋದರೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಇಂಜೆಕ್ಟರ್‌ವರೆಗೂ ಹರಡುತ್ತದೆ.