ಕೋರಿಡೋರಾಸ್ ಮೇಲೆ ಬಂದು ಗಾಳಿ ನುಂಗುವುದು ರೋಗವಲ್ಲ, ಬದಲಿಸಬೇಕಾದದ್ದು ಮರಳು

ನಮಸ್ಕಾರ. ತಮ್ಮ ಎರಡು ಅಡಿಯ ತೊಟ್ಟಿಯಲ್ಲಿರುವ ನಾಲ್ಕು ಕಂಚಿನ ಬಣ್ಣದ ಕೋರಿಡೋರಾಸ್‌ಗಳು (ತಳದಲ್ಲಿ ಬಾಳುವ ಸಣ್ಣ ಕ್ಯಾಟ್‌ಫಿಶ್‌ಗಳು) ಆಗಾಗ ಮೇಲಕ್ಕೆ ಚಿಮ್ಮಿ ಮತ್ತೆ ತಳ ಸೇರುತ್ತಿವೆ, ಎರಡರ ಮೀಸೆ ಮೊಂಡಾಗಿದೆ, ಕಲ್ಲುಪ್ಪು ಹಾಕಬಹುದೇ ಎಂದು ಕೇಳಿದ್ದೀರಿ. ತಳಕ್ಕೆ ಎಂ-ಸ್ಯಾಂಡ್ ಹಾಕಿರುವುದನ್ನೂ ತಿಳಿಸಿದ್ದೀರಿ. ದಯವಿಟ್ಟು ಉಪ್ಪು ಹಾಕಬೇಡಿ, ಈ ಮೀನುಗಳಿಗೆ ಅದು ಒಗ್ಗುವುದಿಲ್ಲ.

ಮೇಲಕ್ಕೆ ಚಿಮ್ಮುವುದು ಇವುಗಳ ಹುಟ್ಟುಗುಣ. ನುಂಗಿದ ಗಾಳಿ ಕರುಳಿನ ಹಿಂಭಾಗವನ್ನು ತಲುಪುತ್ತದೆ. ಅಲ್ಲಿನ ಗೋಡೆ ತೆಳುವಾಗಿದ್ದು ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿರುವುದರಿಂದ ಆಮ್ಲಜನಕ ರಕ್ತಕ್ಕೆ ಸೇರಿ, ಉಳಿದ ಗಾಳಿ ಗುದದ್ವಾರದಿಂದ ಹೊರಬೀಳುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಗಾಳಿ ಸೇವಿಸುತ್ತದೆ, ಆದರೆ ಅದಕ್ಕೆ ಕಿವಿರಿನ ಮೇಲ್ಭಾಗದಲ್ಲಿ ಬೇರೆಯೇ ಕೋಣೆಯಿದೆ. ದಕ್ಷಿಣ ಅಮೆರಿಕದ ತೊರೆಗಳ ನಿಧಾನಗತಿಯ ಅಂಚುಗಳಲ್ಲಿ ಗುಂಪಾಗಿ ಬಾಳುವ ಕೋರಿಡೋರಾಸ್‌ಗಳು, ಬೇಸಿಗೆಯಲ್ಲಿ ನೀರು ಇಳಿದು ಬಿಸಿಯಾಗಿ ಆಮ್ಲಜನಕ ಕಡಿಮೆಯಾದಾಗಲೂ ಉಳಿಯುವುದು ಈ ಏರ್ಪಾಟಿನಿಂದ. ನೀರು ಚೆನ್ನಾಗಿದ್ದರೂ ಅವು ಆಗೊಮ್ಮೆ ಈಗೊಮ್ಮೆ ಮೇಲೆ ಬರುತ್ತವೆ. ಆದರೆ ಮೇಲೇ ನಿಂತು ಕಿವಿರನ್ನು ವೇಗವಾಗಿ ಬಡಿಯುತ್ತಿದ್ದರೆ, ಅಥವಾ ಚಿಮ್ಮುವಿಕೆ ಏಕಾಏಕಿ ಹೆಚ್ಚಿದರೆ, ಅಂದೇ ನೀರಿನಲ್ಲಿ ಅಮೋನಿಯಾ (ಮೀನಿನ ಹೊಲಸಿನಿಂದ ಸೇರುವ ವಿಷ) ಇದೆಯೇ ಎಂದು ಪರೀಕ್ಷಿಸಿ ಸ್ವಲ್ಪ ನೀರು ಬದಲಿಸಿ.

ನನಗೆ ನಿಜಕ್ಕೂ ಆತಂಕ ತಂದಿರುವುದು ಮೀಸೆಯ ವಿಷಯ. ಈ ಮೀನು ಮೂತಿಯನ್ನು ಮರಳಿಗೆ ತೂರಿಸಿ, ಬಾಯಿಗೆ ಬಂದುದರಲ್ಲಿ ಹುಳುಹುಪ್ಪಟೆಗಳನ್ನು ಉಳಿಸಿಕೊಂಡು ಮರಳನ್ನು ಕಿವಿರುಗಳ ಮೂಲಕ ಹೊರಬಿಡುತ್ತದೆ. ಆಹಾರವನ್ನು ಪತ್ತೆಹಚ್ಚುವುದು ಆ ಮೀಸೆಗಳಿಂದಲೇ. ಎಂ-ಸ್ಯಾಂಡ್ ಎಂದರೆ ಬಂಡೆಯನ್ನು ಪುಡಿಮಾಡಿ ತಯಾರಿಸಿದ್ದು, ಅದರ ಕಣಗಳ ಅಂಚು ಚೂಪು. ನೀರಿನ ಹರಿವಿನಲ್ಲಿ ಉರುಳಿ ನುಣುಪಾದ ಹೊಳೆಮರಳಿಗೂ ಅದಕ್ಕೂ ಬಹಳ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಕಟ್ಟಡ ಸಾಮಗ್ರಿಯ ಅಂಗಡಿಗೆ ಹೋದರೆ ಸುಲಭವಾಗಿ ಸಿಗುವುದು ಎಂ-ಸ್ಯಾಂಡೇ ಆದ್ದರಿಂದ ಅನೇಕರು ಅದನ್ನೇ ತರುತ್ತಾರೆ. ಅಕ್ವೇರಿಯಂ ಅಂಗಡಿಯಿಂದ ನುಣುಪಾದ ಸಣ್ಣ ಮರಳನ್ನು ತಂದು, ನೀರು ತಿಳಿಯಾಗುವವರೆಗೆ ತೊಳೆದು, ಎರಡು ಅಂಗುಲಕ್ಕಿಂತ ಕಡಿಮೆ ದಪ್ಪಕ್ಕೆ ಹರಡಿ. ಫಿಲ್ಟರ್ ಸ್ಪಾಂಜನ್ನು ಮಾತ್ರ ಹಾಗೆಯೇ ಬಿಡಿ, ಏಕೆಂದರೆ ಅಮೋನಿಯಾವನ್ನು ತಡೆಯುವ ಬ್ಯಾಕ್ಟೀರಿಯಾಗಳು ಅಲ್ಲಿರುತ್ತವೆ. ಕೊಳೆತ ಆಹಾರ ಸೇರಿದ ತಳದಲ್ಲಿ ಮೀಸೆಗೆ ಸೋಂಕು ತಗಲಿ ಸವೆತ ಬೇಗನೆ ಹೆಚ್ಚುವುದರಿಂದ, ವಾರಕ್ಕೊಮ್ಮೆ ಕೊಳವೆಯಿಂದ ಹೊಲಸನ್ನು ಹೀರಿ ತೆಗೆಯಿರಿ. ಬುಡದವರೆಗೆ ಸವೆಯದಿದ್ದರೆ ಮೀಸೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ನೀರಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಕಾವೇರಿ ನೀರಾದರೆ ಕ್ಲೋರಿನ್ ತೆಗೆದು ಬಳಸಿ. ಸಾಧಾರಣ ಗಡಸಿನ ಬೋರ್‌ವೆಲ್ ನೀರಿಗೂ ಅವು ಹೊಂದಿಕೊಳ್ಳುತ್ತವೆ.

ಇನ್ನೆರಡನ್ನಾದರೂ ಸೇರಿಸಿ ಆರು ಮಾಡಿದರೆ ಅವುಗಳ ಅಂಜಿಕೆ ಕಡಿಮೆಯಾಗುತ್ತದೆ, ಆದರೆ ಅದೇ ಜಾತಿಯವನ್ನೇ ತನ್ನಿ. ಮುಂದೆ ಬೇರೆ ತೊಟ್ಟಿ ಮಾಡುವುದಾದರೆ ನಾನು ಪೆಪ್ಪರ್ಡ್ ಕೋರಿಡೋರಾಸನ್ನು ಸೂಚಿಸುತ್ತೇನೆ. ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ ಸಂಗ್ರಹಿಸಿದ ಮೀನುಗಳನ್ನು ಅಧ್ಯಯನ ಮಾಡಿದ ಲಿಯೊನಾರ್ಡ್ ಜೆನಿನ್ಸ್ 1842ರಲ್ಲಿ ಇದನ್ನು ವಿವರಿಸಿದರು. ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿ ಸೀಮೆಯ ತಂಪು ನೀರಿನ ಈ ಮೀನಿಗೆ ನಮ್ಮ ಊರಿನ ಚಳಿಗಾಲದಲ್ಲಿಯೂ ಹೀಟರ್ ಬೇಕಾಗುವುದಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಾತ್ರ ತೊಟ್ಟಿಯ ಮುಚ್ಚಳ ತೆಗೆದು ಬಲೆ ಹೊದಿಸಿ, ಮೇಲೊಂದು ಸಣ್ಣ ಫ್ಯಾನ್ ಇಡಿ.