ರಸೀದಿ ಪುಸ್ತಕವನ್ನು ತೆರೆಯಿರಿ

ಆತ್ಮೀಯರೇ,

ಕೆನಡಾದ ಎಡ್ಮಂಟನ್‌ನಲ್ಲಿರುವ ಉಕ್ರೇನಿಯನ್ ಅಜ್ಜಿಯ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದದ ಪತ್ರ.

1942ರಲ್ಲಿ ಹದಿನಾರರ ಹುಡುಗಿಯನ್ನು ಕೀವ್ ಬಳಿಯ ಹಳ್ಳಿಯಿಂದ ಜರ್ಮನ್ನರು ಕೂಲಿಗೆಂದು ರೈಲಿಗೆ ತುಂಬಿದ ಭಾಗ ಚೆನ್ನಾಗಿದೆ. ಎದೆಯ ಮೇಲೆ ಹೊಲಿದುಕೊಳ್ಳಲೇಬೇಕಿದ್ದ, ನೀಲಿ ಬಟ್ಟೆಯಲ್ಲಿ ಬಿಳಿ ಅಕ್ಷರದ ‘ಓಸ್ಟ್’ (ಜರ್ಮನ್ನಿನಲ್ಲಿ ‘ಪೂರ್ವ’) ಪಟ್ಟಿ. ಯುದ್ಧ ಮುಗಿದು ಅದನ್ನು ಬಿಚ್ಚಿದಾಗ ಅಂಗಿಯಲ್ಲಿ ಅಷ್ಟು ಜಾಗ ಮಾತ್ರ ಬಣ್ಣ ಮಾಸದೆ ಉಳಿದಿತ್ತೆಂಬ ಮಾತು. ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ಎಡವಿದ್ದು ಅದರಾಚೆ. ಒಂದು ಪ್ಯಾರಾದಲ್ಲಿ ಯುದ್ಧ ಮುಗಿಯುತ್ತದೆ, ಮುಂದಿನದರಲ್ಲಿ ಹಡಗು ಹ್ಯಾಲಿಫ್ಯಾಕ್ಸ್ ಬಂದರನ್ನು ಸೇರುತ್ತದೆ, ಅದರ ಮುಂದಿನದರಲ್ಲಿ ಅಜ್ಜಿ ವೇದಿಕೆಯ ಮೇಲೆ ಸನ್ಮಾನ ಸ್ವೀಕರಿಸುತ್ತಿದ್ದಾರೆ. 1945ರಲ್ಲಿ ಬಿಡುಗಡೆಯಾದವರು ಕೆನಡಾ ತಲುಪಿದ್ದು 1948ರಲ್ಲಿ. ಆ ಮೂರು ವರ್ಷ ಎಲ್ಲಿದ್ದರು? ಊರಿಗೇಕೆ ಮರಳಲಿಲ್ಲ? ‘ವಿಧಿ ಬೇರೆಯೇ ಬಗೆದಿತ್ತು’ ಎಂದು ನೀವು ಬರೆದಿದ್ದೀರಿ. ವಿಧಿಯ ಮೇಲೆ ಹಾಕಬೇಡಿ. ಬ್ರಿಟನ್, ಅಮೆರಿಕಗಳು ಸೋವಿಯತ್ ಒಕ್ಕೂಟದೊಂದಿಗೆ ಮಾಡಿಕೊಂಡ 1945ರ ಫೆಬ್ರವರಿಯ ಯಾಲ್ಟಾ ಒಪ್ಪಂದದ ಪ್ರಕಾರ ಸೋವಿಯತ್ ಪ್ರಜೆಗಳನ್ನು, ಅವರು ಬೇಡವೆಂದರೂ, ಹಿಂದಕ್ಕೆ ಒಪ್ಪಿಸಬೇಕಿತ್ತು. ಮರಳಿದವರನ್ನು ಶತ್ರುವಿಗೆ ದುಡಿದವರೆಂದು ವಿಚಾರಣೆಗೆ ನಿಲ್ಲಿಸುತ್ತಿದ್ದರು. ಹಲವರು ಶ್ರಮಶಿಬಿರಗಳ ಪಾಲಾದರು. ಆದರೆ 1939ರ ಸೆಪ್ಟೆಂಬರಿಗೆ ಮೊದಲು ಪೋಲೆಂಡಿಗೆ ಸೇರಿದ್ದ, ಪಶ್ಚಿಮ ಉಕ್ರೇನಿನ ಗಲೀಷಿಯಾದವರನ್ನು ಬ್ರಿಟಿಷರಾಗಲಿ ಅಮೆರಿಕನ್ನರಾಗಲಿ ಸೋವಿಯತ್ ಪ್ರಜೆಗಳೆಂದು ಎಣಿಸುತ್ತಿರಲಿಲ್ಲ. ಹಾಗಾಗಿ ಪೂರ್ವ ಉಕ್ರೇನಿನ ಎಷ್ಟೋ ಮಂದಿ ನಿರಾಶ್ರಿತರ ಶಿಬಿರದ ಅಧಿಕಾರಿಯ ಮುಂದೆ ತಾವು ಗಲೀಷಿಯಾದ ಲ್ವಿವ್ ಕಡೆಯವರೆಂದು ಹೇಳಿಕೊಂಡು ಉಳಿದರು.

ಈಗ ನಿಮ್ಮದೇ ನಾಲ್ಕನೆಯ ಪುಟವನ್ನು ನೋಡಿ. ಅಜ್ಜಿಯ ವಲಸೆ ಕಾಗದದಲ್ಲಿ ಹುಟ್ಟೂರು ಬೇರೆ ಇದೆ ಎಂದು ಬರೆದು, ‘ಗುಮಾಸ್ತನ ತಪ್ಪು’ ಎಂದು ಮುಂದೆ ಸಾಗಿದ್ದೀರಿ. ಅದು ತಪ್ಪಾಗಿರಲಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅವರನ್ನು ಕೇಳಿ. ಹೌದೆಂದರೆ, ಬರೆಯಲು ಅವರ ಒಪ್ಪಿಗೆಯನ್ನೂ ಕೇಳಿ. ಬದುಕಿಕೊಳ್ಳಲು ಸ್ವಂತ ಊರಿನ ಹೆಸರನ್ನೇ ಅಳಿಸಿದವರು ಮುಂದೆ ಅರ್ಧ ಶತಮಾನ ಆ ಊರಿನ ಭಾಷೆಯನ್ನು ಮಕ್ಕಳಿಗೆ ಕಲಿಸಿದರು. ಬರೆಯುವಾಗ ಈ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನು ನಾಯಕತ್ವದ ಮಾತು. ‘ಸಮುದಾಯದ ಕಣ್ಮಣಿ’, ‘ಅಪ್ರತಿಮ ಸಂಘಟಕಿ’ ಎಂದೆಲ್ಲ ಎಂಟು ಕಡೆ ಬರೆದಿದ್ದೀರಿ. ಯಾವುದೂ ನನ್ನ ಕಣ್ಣಿಗೆ ಕಟ್ಟಲಿಲ್ಲ. ಕಟ್ಟಿದ್ದು ಒಂದೇ ಒಂದು ಸಾಲು: ಅವರ ಮೇಜಿನ ಖಾನೆಯಲ್ಲಿ ಹಳೆಯ ರಸೀದಿ ಪುಸ್ತಕಗಳಿದ್ದವು, ಉಕ್ರೇನಿಯನ್ ಕಲಿಸುವ ಶನಿವಾರದ ಶಾಲೆಗೆ ಪ್ರತಿ ಮನೆಯಿಂದ ಇಪ್ಪತ್ತೈದು ಸೆಂಟ್. ಅಲ್ಲಿಂದಲೇ ಶುರು ಮಾಡಿ. ಒಂದು ವರ್ಷದ ಕರಾರಿನ ಮೇಲೆ ಪರರ ಮನೆಯ ಪಾತ್ರೆ ತೊಳೆಯಲು ಬಂದ ಹೆಣ್ಣುಮಗಳು, ‘ಡಿಪಿ’ (ಡಿಸ್‌ಪ್ಲೇಸ್ಡ್ ಪರ್ಸನ್, ನೆಲೆ ತಪ್ಪಿದವರು) ಎಂದು ಬೀದಿಯಲ್ಲಿ ಹಂಗಿಸಿಕೊಂಡವರು, ರಜೆಯ ದಿನ ಮನೆಮನೆಗೆ ಹೋಗಿ ಆ ಪುಡಿಗಾಸನ್ನು ಎತ್ತಿದರು. ಕೊಡದೆ ಕದ ಮುಚ್ಚಿದವರು ಯಾರು? 1891ರಿಂದಲೇ ಬಂದು ನೆಲೆಸಿದ್ದ ಹಳೆಯ ರೈತ ಕುಟುಂಬಗಳು ಈ ಹೊಸಬರನ್ನು ಹೇಗೆ ಕಂಡವು? 1971ರಲ್ಲಿ, ಎಡ್ಮಂಟನ್ ಇರುವ ಆಲ್ಬರ್ಟಾ ಪ್ರಾಂತ ತನ್ನ ಶಾಲಾ ಕಾಯಿದೆಗೆ ತಿದ್ದುಪಡಿ ತಂದಿತು, 1974ರಲ್ಲಿ ಎಡ್ಮಂಟನ್‌ನ ಸರ್ಕಾರಿ ತರಗತಿಗಳಲ್ಲಿ ಇಂಗ್ಲಿಷಿನ ಜೊತೆ ಉಕ್ರೇನಿಯನ್ನಿನಲ್ಲೂ ಪಾಠ ಆರಂಭವಾಯಿತು. ಆ ಬಾಗಿಲು ತೆರೆಯಲು ಅಜ್ಜಿಯಂಥವರು ಎಷ್ಟು ಸಭೆಗಳಲ್ಲಿ ಕಾದು ಕೂತಿರಬೇಕು!

ಉಕ್ರೇನಿನ 1932–33ರ ಕ್ಷಾಮದ ಸ್ಮಾರಕ 1983ರಲ್ಲಿ ಎಡ್ಮಂಟನ್ ನಗರಸಭೆಯ ಮುಂದೆ ಅನಾವರಣಗೊಂಡಾಗ ಅವರು ಅಲ್ಲಿದ್ದರು ಎಂದಿದ್ದೀರಿ. ಕ್ಷಾಮದ ವರ್ಷ ಅವರಿಗೆ ಏಳು. ಆಗ ಮನೆಯಲ್ಲಿ ಏನು ಉಂಡರು, ಯಾರು ಉಳಿಯಲಿಲ್ಲ ಎಂಬುದು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಅತಿಥಿಗಳ ಹೆಸರುಗಳಿವೆ.

ಒಂದು ಕಷ್ಟದ ಪ್ರಶ್ನೆಯನ್ನೂ ಕೇಳಬೇಕು. 2023ರ ಸೆಪ್ಟೆಂಬರಿನಲ್ಲಿ ಕೆನಡಾದ ಸಂಸತ್ತು ನಾಜಿಗಳ ಎಸ್‌ಎಸ್ ಗಲೀಷಿಯಾ ಪಡೆಯಲ್ಲಿದ್ದ ಉಕ್ರೇನಿಯನ್ ವೃದ್ಧರೊಬ್ಬರಿಗೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಸ್ಪೀಕರ್ ರಾಜೀನಾಮೆ ಕೊಡಬೇಕಾಯಿತು. ಶತ್ರುವಿನ ಗುಲಾಮರಾಗಿದ್ದವರೂ ಶತ್ರುವಿನ ಸಮವಸ್ತ್ರ ತೊಟ್ಟವರೂ ಒಂದೇ ಸಭಾಭವನದಲ್ಲಿ ಕೂತ ಸಮುದಾಯವದು. ಆ ಸಮವಸ್ತ್ರ ತೊಟ್ಟವರ ಪಕ್ಕದಲ್ಲಿ ಅಜ್ಜಿ ಹೇಗೆ ಕೂತರು? ಉತ್ತರಿಸದಿದ್ದರೆ ಆ ಮೌನವನ್ನೇ ಬರೆಯಿರಿ. ಕೇಳದೆ ಮಾತ್ರ ಬರಬೇಡಿ.

ಅಲ್ಲಿನ ಕನ್ನಡ ಸಂಘದೊಂದಿಗಿನ ಹೋಲಿಕೆಯ ಆರಂಭವನ್ನು ತೆಗೆದುಬಿಡಿ. ನಾವು ಕೆಲಸಕ್ಕೆಂದು ಹೋದವರು. ರಜೆಗೆ ಟಿಕೆಟ್ ತೆಗೆದು ಊರಿಗೆ ಬರುತ್ತೇವೆ. ಅವರಿಗೆ ದಶಕಗಳ ಕಾಲ ತಾಯಿಗೊಂದು ಕಾಗದ ಬರೆಯುವುದೂ ಅಪಾಯವಾಗಿತ್ತು.

ಕೊನೆಯ ಎರಡು ಪುಟಗಳ ಪ್ರಶಸ್ತಿ ಪಟ್ಟಿ ಹೋದರೆ ಇದಕ್ಕೆಲ್ಲ ಜಾಗ ಸಿಗುತ್ತದೆ. ಅವಸರವಿಲ್ಲ, ಆದರೆ ಅಜ್ಜಿಯ ವಯಸ್ಸು ನೆನಪಿರಲಿ. ಈ ತಿಂಗಳೇ ಹೋಗಿ ಬನ್ನಿ. ಮೊದಲ ರಸೀದಿಯಲ್ಲಿ ಯಾರ ಹೆಸರಿದೆ ಎಂದು ಕೇಳಿ, ಅವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ.

ನಿಮ್ಮ ಪ್ರತಿಗಾಗಿ ಕಾಯುತ್ತಿರುವ,
ಸಂಪಾದಕ